ಚಿಕ್ಕಮಗಳೂರಿನಿಂದ ಇಂಗ್ಲೆಂಡಿನ ಚಿಕ್ಕಮಕ್ಕಳ ಕ್ಲಾಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಲ್ದೂರು ಕಡೆಯವಳು. ಚಿಕ್ಕಮಗಳೂರು ಪೇಟೆಯಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮದುವೆಯಾಗಿ ಇಂಗ್ಲೆಂಡಿಗೆ ಹೋದ ಮೇಲೆ ಅಲ್ಲೂ ಅದೇ ಕೆಲಸ ಹಿಡಿದೆ. ಲೀಡ್ಸ್ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ, ನಾಲ್ಕೈದು ವರ್ಷದ ಮಕ್ಕಳು. ರಜೆಗೆ ಊರಿಗೆ ಬಂದರೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸ್ಯಾಪಿನಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳನ್ನು. ಹಾಸನದ ಡಿ.ಎಡ್. ಗೆಳತಿಯರಿಗೆ ವೀಸಾ ಚಿಂತೆ, ಚಿಕ್ಕಮ್ಮಂದಿರಿಗೆ ಊಟದ ಚಿಂತೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್ ಕಡೆ ನಿಯಮ ಬೇರೆ ಇವೆ.

ನಿಮ್ಮದು ಎಷ್ಟನೇ ಕ್ಲಾಸು? ನಮ್ಮ ಯುಕೆಜಿ ತರಾನಾ?

ಅಲ್ಲಿ ಅದಕ್ಕೆ ರಿಸೆಪ್ಷನ್ ಅನ್ನುತ್ತಾರೆ. ವಯಸ್ಸಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಮ್ಮ ಯುಕೆಜಿ. ಆಗಸ್ಟ್ 31ರೊಳಗೆ ನಾಲ್ಕು ತುಂಬಿದ ಮಗು ಸೆಪ್ಟೆಂಬರಿನಲ್ಲಿ ಬಂದು ಸೇರುತ್ತದೆ. ಕಾನೂನಿನ ಪ್ರಕಾರ ಐದು ತುಂಬಿದ ಮೇಲಿನ ಟರ್ಮಿನಿಂದಷ್ಟೇ ಶಾಲೆ ಕಡ್ಡಾಯ. ಆದರೂ ಹೆಚ್ಚಿನವರು ನಾಲ್ಕಕ್ಕೇ ಕಳಿಸುತ್ತಾರೆ. ನಮ್ಮಲ್ಲಿ ಒಂದನೇ ಕ್ಲಾಸಿಗೆ ಆರು ತುಂಬಿರಬೇಕೋ ಬೇಡವೋ ಅಂತ ಎಷ್ಟು ಗಲಾಟೆ ಆಯಿತು, ಅಲ್ವಾ? ಅಲ್ಲಿ ಆ ತಲೆಬಿಸಿ ಆಗಸ್ಟಿನಲ್ಲಿ ಹುಟ್ಟಿದ ಮಕ್ಕಳ ತಾಯಂದಿರಿಗೆ. ಮೊನ್ನೆ ತಾನೇ ನಾಲ್ಕು ತುಂಬಿದ ಮಗು, ನಾಳೆ ಐದಕ್ಕೆ ಬೀಳುವ ಮಗು ಒಂದೇ ಕಾರ್ಪೆಟ್ ಮೇಲೆ ಕೂತಿರುತ್ತವೆ. ಒಬ್ಬಳು ತನ್ನ ಹೆಸರು ಬರೆದು ತೋರಿಸುತ್ತಾಳೆ. ಪಕ್ಕದವನು ಊಟವಾದ ಮೇಲೆ ಅಲ್ಲೇ ನಿದ್ದೆ ಹೋಗಿರುತ್ತಾನೆ.

ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಜಾಸ್ತಿ ಇರಬಾರದು ಅಂತ ಕಾನೂನೇ ಇದೆ. ಸಾಮಾನ್ಯವಾಗಿ ಜೊತೆಗೊಬ್ಬ ಸಹಾಯಕಿ ಇರುತ್ತಾರೆ. ಅವರು ರಜೆ ಹಾಕಿದ ದಿನ ನಾನು ನೀರು ಕುಡಿಯುವುದಕ್ಕೂ ಪುರುಸೊತ್ತು ಇರುವುದಿಲ್ಲ.

ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿಸ್ತೀರಿ?

ಮುಕ್ಕಾಲು ಪಾಲು ಹೊತ್ತು ಕೋಟು ಹಾಕಿಸುವುದು, ಕೋಟು ತೆಗೆಸುವುದು. ತಮಾಷೆಗೆ ಹೇಳುತ್ತಿಲ್ಲ.

ಎಂಟು ಮುಕ್ಕಾಲಿನ ಹೊತ್ತಿಗೆ ಬಾಗಿಲು ತೆಗೆಯುತ್ತೇವೆ. ಪ್ರತಿ ಮಗುವಿಗೂ ಒಂದು ಗೂಟ, ಅದರ ಮೇಲೆ ಹೆಸರು ಮತ್ತು ಫೋಟೋ. ಬ್ಯಾಗು, ಕೋಟು ತಾನೇ ನೇತುಹಾಕಬೇಕು. ಊಟದ ಡಬ್ಬಿ ಇದ್ದರೆ ತಾನೇ ಟ್ರಾಲಿಯಲ್ಲಿ ಇಡಬೇಕು. ಹಾಜರಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಆಮೇಲೆ ಅಕ್ಷರದ ಧ್ವನಿಗಳ ಪಾಠ, ಅರ್ಧ ಗಂಟೆಗಿಂತ ಕಮ್ಮಿ. ನಂತರ ಮಕ್ಕಳು ತಮಗೆ ಬೇಕಾದ ಕಡೆ ಹೋಗುತ್ತಾರೆ. ಮರಳು, ನೀರು, ಮರದ ಬ್ಲಾಕು, ಬಣ್ಣ, ಹೊರಗಡೆ ಮಣ್ಣಿನ ಅಡಿಗೆಮನೆ. ನಾವು ಸುತ್ತಾಡುತ್ತಾ ಅವರ ಜೊತೆ ಮಾತಾಡುತ್ತಾ ಇರುತ್ತೇವೆ. ನೋಡುವವರಿಗೆ ಟೀಚರು ಸುಮ್ನೆ ನೆಲದ ಮೇಲೆ ಕೂತು ಹರಟೆ ಹೊಡೆಯುತ್ತಿದ್ದಾರೆ ಅನ್ನಿಸುತ್ತದೆ. ನಿಜವಾದ ಪಾಠ ಆ ಹೊತ್ತಿನಲ್ಲೇ ಆಗುತ್ತದೆ. ಮೂರೂಕಾಲಿಗೆ ಮನೆಗೆ. ಗೊತ್ತಿರುವ ದೊಡ್ಡವರ ಮುಖ ಬಾಗಿಲಲ್ಲಿ ಕಾಣುವವರೆಗೆ ಒಂದು ಮಗುವನ್ನೂ ಬಿಡುವುದಿಲ್ಲ. ಚಿಕ್ಕಪ್ಪ ಬಂದರೂ ಅಷ್ಟೇ. ಮನೆಯವರು ಮೊದಲೇ ತಿಳಿಸಿರಬೇಕು.

ಈಗ ಕೋಟಿನ ವಿಷಯ. ಚಳಿಗಾಲದಲ್ಲಿ 30 ಮಕ್ಕಳಿಗೆ ನಾವಿಬ್ಬರೇ ಕೋಟು ತೊಡಿಸುತ್ತಾ ಕೂತರೆ ಹೊರಗೆ ಹೋಗುವ ಹೊತ್ತಿಗೆ ಆಟದ ಸಮಯ ಮುಗಿದಿರುತ್ತದೆ. ಅದಕ್ಕೆ ಮೊದಲ ವಾರವೇ ಒಂದು ಉಪಾಯ ಹೇಳಿಕೊಡುತ್ತೇವೆ. ಕೋಟನ್ನು ನೆಲದ ಮೇಲೆ ಅಂಗಾತ ಹಾಸಬೇಕು, ಒಳಭಾಗ ಮೇಲೆ. ಕಾಲರಿನ ಕಡೆ ಮಗು ನಿಲ್ಲಬೇಕು, ಕಾಲರು ಕಾಲಬೆರಳಿಗೆ ತಾಗುವಂತೆ. ಬಗ್ಗಿ ಎರಡೂ ತೋಳಿನೊಳಗೆ ಕೈ ತೂರಿಸಬೇಕು. ಹಾಗೇ ಕೈ ಮೇಲೆತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾಕಿದರೆ ಕೋಟು ಬೆನ್ನಿಗೆ ಬಂದು ಕೂರುತ್ತದೆ. ಜಿಪ್ಪಿನ ಬುಡ ಮಾತ್ರ ನಾವು ಸೇರಿಸಿಕೊಡುತ್ತೇವೆ, ಮೇಲಕ್ಕೆ ಎಳೆಯುವುದು ಅವರೇ. ಮೊದಲ ಸಲ ಸರಿಯಾಗಿ ಬಂದಾಗ ಆ ಮುಖ ನೋಡಬೇಕು ನೀವು. ಇಡೀ ಮಧ್ಯಾಹ್ನ ಕೋಟು ತೆಗೆದು ತೆಗೆದು ಹಾಕಿಕೊಳ್ಳುತ್ತಿರುತ್ತವೆ.

ನಮ್ಮ ಮನೆಗಳಲ್ಲಿ ಇದು ನಡೆಯುವುದಿಲ್ಲ. ಮಗು ಕೈ ಚಾಚುವುದರೊಳಗೆ ಅಜ್ಜಿ ಸ್ವೆಟರ್ ತೊಡಿಸಿ ಮುಗಿಸಿರುತ್ತಾರೆ. ಅದು ಪ್ರೀತಿಯೇ, ನಾನೂ ಹಾಗೇ ಬೆಳೆದವಳು. ಆದರೆ ಎರಡೂ ಕಡೆ ಕೆಲಸ ಮಾಡಿದವಳಿಗೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಇದೊಂದೇ. ಮಗು ತಾನೇ ಮಾಡಲಿ ಅಂತ ಅವರು ಕಾಯುತ್ತಾರೆ, ನಾವು ಕಾಯುವುದಿಲ್ಲ. ಕಟ್ಟಡ, ಆಟಿಕೆ, ಕಂಪ್ಯೂಟರು ಎಲ್ಲ ಆಮೇಲಿನ ಮಾತು.

ಬರೀ ಆಟ ಆಡಿಸ್ತೀರಂತೆ. ಬರೆಸೋದು ಯಾವಾಗ?

ಬರೆಸುತ್ತೇವೆ, ಆದರೆ ನಮ್ಮಲ್ಲಿಯಂತೆ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಅಲ್ಲ. ಹುಟ್ಟಿದಾಗಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಒಂದು ಕಡ್ಡಾಯ ಚೌಕಟ್ಟು ಇದೆ, 2008ರಿಂದ ಜಾರಿಯಲ್ಲಿದೆ. ಕಲಿಕೆಯನ್ನು ಏಳು ಭಾಗ ಮಾಡಿದ್ದಾರೆ. ಮಾತು, ಮೈಕೈ ಚಟುವಟಿಕೆ, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದು, ಈ ಮೂರು ಬುನಾದಿ. ಓದು ಬರಹ, ಲೆಕ್ಕ ಎಲ್ಲ ಅದರ ಮೇಲೆ. ಭುಜಕ್ಕೆ ಬಲ ಬರದೆ ಬೆರಳಿಗೆ ಪೆನ್ಸಿಲ್ ಹಿಡಿತ ಬರುವುದಿಲ್ಲ ಅಂತ ಮೊದಲು ಕೋತಿಯಂತೆ ನೇತಾಡಿಸುತ್ತೇವೆ, ಹಿಟ್ಟು ನಾದಿಸುತ್ತೇವೆ, ದೊಡ್ಡ ಬ್ರಷ್ಷಿನಲ್ಲಿ ಗೋಡೆಗೆ ನೀರು ಬಳಿಸುತ್ತೇವೆ.

ಇದನ್ನು ಕೇಳಿ ಫಾರಿನ್ನವರ ಹೊಸ ಶೋಧ ಅಂದುಕೊಳ್ಳಬೇಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಚಟುವಟಿಕೆ, ಗುಂಪು, ಕಾರ್ಡು, ಮಗುವಿನ ವೇಗಕ್ಕೆ ತಕ್ಕ ಕಲಿಕೆ, ಎಲ್ಲ ಅದರಲ್ಲೂ ಇದೆ. ಅದನ್ನು ನಂಬಿ ಮಾಡಿದ ಮೇಷ್ಟ್ರುಗಳ ಕ್ಲಾಸು ನೋಡಿದವರಿಗೆ ನನ್ನ ರಿಸೆಪ್ಷನ್ ಏನೂ ವಿಚಿತ್ರ ಅನ್ನಿಸುವುದಿಲ್ಲ. ವಿಚಿತ್ರ ಅನ್ನಿಸುವುದು ಪೇಟೆಯ ಇಂಗ್ಲಿಷ್ ಮೀಡಿಯಂ ಯುಕೆಜಿಯವರಿಗೆ.

ಎ ಬಿ ಸಿ ಡಿ ಹೇಳಿಕೊಡಲ್ವಾ?

ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿ ಹೇಳಿಕೊಡುತ್ತೇವೆ. ಹೆಚ್ಚಿನ ಶಾಲೆಗಳಲ್ಲಿ ಮೊದಲು ಬರುವುದು ಎಸ್, ಎ, ಟಿ, ಪಿ, ಐ, ಎನ್. ಈ ಆರರಿಂದಲೇ ಎಷ್ಟೋ ಸಣ್ಣ ಪದ ಕೂಡಿಸಬಹುದು. ಹಾಗಾಗಿ ಎರಡು ಮೂರು ವಾರಕ್ಕೇ ಮಗು ಒಂದು ಪದ ಓದುತ್ತದೆ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಧ್ವನಿ ಕೂಡಿಸಿ ಓದುವುದು ಕಾಗುಣಿತ ಕಲಿತವರಿಗೆ ಹೊಸದೇನಲ್ಲ. ತೊಂದರೆ ಬರುವುದು ಒಂಟಿ ಧ್ವನಿ ಹೇಳುವಾಗ. ನಮ್ಮ ಬಾಯಿಗೆ ‘ಮ’ ಬರುತ್ತದೆ, ಅಲ್ಲಿ ಬೇಕಾಗಿರುವುದು ‘ಮ್’. ತುಟಿ ಮುಚ್ಚಿಕೊಂಡೇ ಇರಬೇಕು. ಬಸ್ಸು, ಕಾರು, ಪೆನ್ನು ಅಂತ ಕೊನೆಗೊಂದು ಸ್ವರ ಸೇರಿಸಿ ಅಭ್ಯಾಸ ಆಗಿದೆಯಲ್ಲ, ಅದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು. ನೀವು ‘ಮ’, ‘ಟ’ ಅಂದರೆ ಮಗುವೂ ಹಾಗೇ ಹೇಳಿ, ಕೂಡಿಸುವಾಗ ಮ್ಯಾಟ್ ಅನ್ನುವ ಪದವೇ ಕಿವಿಗೆ ಸಿಗುವುದಿಲ್ಲ. ಇನ್ನೊಂದು ನಮ್ಮ ‘ವ’. ಇಂಗ್ಲಿಷಿನಲ್ಲಿ ಎರಡು ಇವೆ. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ಗುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೆ ಬರುತ್ತದೆ.

ಮುಂದಿನ ವರ್ಷ, ಅಂದರೆ ಒಂದನೇ ಕ್ಲಾಸಿನ ಜೂನ್‌ನಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. 40 ಪದ ಓದಬೇಕು. ಅದರಲ್ಲಿ 20 ಅರ್ಥವೇ ಇಲ್ಲದ ಪದಗಳು, ಪಕ್ಕದಲ್ಲಿ ಒಂದೊಂದು ವಿಚಿತ್ರ ಪ್ರಾಣಿಯ ಚಿತ್ರ. ಬಾಯಿಪಾಠ ಹೊಡೆದು ಬಂದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಚೆನ್ನಾಗಿ ಓದುವ ಕೆಲವು ಮಕ್ಕಳೂ ಅರ್ಥವಿಲ್ಲದ ಪದವನ್ನು ತಿದ್ದಿ ಅರ್ಥವಿರುವ ಪದ ಮಾಡಿ ಓದಿಬಿಡುತ್ತವೆ. ಪಾಪ, ಅದಕ್ಕೆ ಅಂಕ ಇಲ್ಲ.

ಒಂದು ವರ್ಷ ಪೂರ್ತಿ ಹತ್ತರವರೆಗೆ ಮಾತ್ರ ಲೆಕ್ಕ ಅಂತೆ, ಹೌದಾ?

ಇಪ್ಪತ್ತು ದಾಟಿ ಎಣಿಸುವುದೂ ಇದೆ. ಆದರೆ ಆಳವಾಗಿ ಕಲಿಯುವುದು ಹತ್ತರವರೆಗೇ. ನಮ್ಮ ಯುಕೆಜಿ ಮಗು ಒಂದರಿಂದ ನೂರು ಬರೆಯುತ್ತದೆ ಅಂತ ಹಾಸನದ ನನ್ನ ನಾದಿನಿಗೆ ಬಹಳ ಹೆಮ್ಮೆ. ಅದೇ ಮಗುವಿನ ಮುಂದೆ ಏಳು ಬೀಜ ಇಟ್ಟು ಮೂರನ್ನು ಮುಚ್ಚಿಟ್ಟು, ಎಷ್ಟು ಮುಚ್ಚಿದ್ದೇನೆ ಅಂತ ಕೇಳಿ ನೋಡಿ. ಅಲ್ಲಿ ವರ್ಷವಿಡೀ ಮಾಡಿಸುವುದು ಇದನ್ನೇ. ಐದನ್ನು ಎಷ್ಟು ತರ ಒಡೆಯಬಹುದು, ನಾಲ್ಕು ಚುಕ್ಕಿಯನ್ನು ಎಣಿಸದೆ ಕಣ್ಣಲ್ಲೇ ನಾಲ್ಕು ಅಂತ ಹೇಳುವುದು ಹೇಗೆ, ಹೀಗೆ.

ಚೌಕಾಬಾರ ಆಡಿ ಬೆಳೆದವರಿಗೆ ಇದು ಗೊತ್ತಿರುವ ವಿದ್ಯೆ. ಕವಡೆ ಬಿದ್ದ ತಕ್ಷಣ ಎಣಿಸದೆ ಮೂರು ಅಂತ ಕೂಗುತ್ತಿದ್ದೆವಲ್ಲ! ನಾನು ಊರಿಂದ ಒಂದು ಅಳಗುಳಿಮಣೆ ಒಯ್ದಿದ್ದೇನೆ. ಹುಣಸೆ ಬೀಜ ಹಾಕಿ ಇಬ್ಬಿಬ್ಬರನ್ನು ಕೂರಿಸಿದರೆ ಗಲಾಟೆಯೇ ಇರುವುದಿಲ್ಲ. ಗುಲಗಂಜಿ ಮಾತ್ರ ಒಯ್ಯಬೇಡಿ. ನೋಡುವುದಕ್ಕೆ ಚೆಂದ, ಆದರೆ ಕಡು ವಿಷ. ಇಲ್ಲಿ ನಮ್ಮ ಮನೆಗಳಲ್ಲೂ ಚಿಕ್ಕಮಕ್ಕಳ ಕೈಗೆ ಕೊಡಬಾರದು.

ಹೊಡೆಯೋ ಹಾಗಿಲ್ವಂತೆ. ಮತ್ತೆ ಹೇಗೆ ಮಾತು ಕೇಳ್ತವೆ?

ಹೊಡೆಯುವ ಹಾಗಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 1987ರಿಂದ ನಿಷೇಧ. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಎಷ್ಟೋ ಜನಕ್ಕೆ ಅದು ನೆನಪಿರುವುದಿಲ್ಲ, ಅಷ್ಟೇ. ಮಾತು ಕೇಳುವುದು ಅಭ್ಯಾಸದಿಂದ. ದಿನವೂ ಅದೇ ಹಾಡಿಗೆ ಸಾಮಾನು ಎತ್ತಿಡುವುದು, ಅದೇ ಚಪ್ಪಾಳೆಗೆ ಸುಮ್ಮನಾಗುವುದು. ಮೊದಲ ಆರು ವಾರ ಇದರಲ್ಲೇ ಕಳೆಯುತ್ತದೆ. ಆಮೇಲೆ ಸಲೀಸು.

ಅಳುವ ಮಗುನ ಎತ್ತಿಕೊಳ್ಳಬಹುದಾ?

ಸಮಾಧಾನ ಮಾಡಬಹುದು, ಮಾಡಬೇಕು ಕೂಡ. ಮಗು ತಾನಾಗಿ ಬಂದು ತಬ್ಬಿಕೊಂಡರೆ ಯಾರೂ ಅದನ್ನು ತಳ್ಳುವುದಿಲ್ಲ. ಆದರೆ ನಮ್ಮಲ್ಲಿ ಕಂಡ ಮಗುವಿನ ಕೆನ್ನೆ ಹಿಂಡುವುದು, ಮುತ್ತು ಕೊಡುವುದು, ತೊಡೆ ಮೇಲೆ ಕೂರಿಸಿಕೊಳ್ಳುವುದು ಇದೆಯಲ್ಲ, ಅದೆಲ್ಲ ಬೇಡ. ಬಟ್ಟೆ ಒದ್ದೆ ಮಾಡಿಕೊಂಡರೆ ಮಗುವೇ ಬದಲಾಯಿಸಿಕೊಳ್ಳುವ ಹಾಗೆ ಹೇಳಿಕೊಡುತ್ತೇವೆ. ಸಹಾಯ ಮಾಡಿದರೆ ಯಾರು, ಎಷ್ಟು ಹೊತ್ತಿಗೆ ಅಂತ ಬರೆದಿಡುತ್ತೇವೆ. ಸ್ವಂತ ಮೊಬೈಲು ಬೀಗದೊಳಗೆ. ಮಕ್ಕಳ ಫೋಟೋ ಶಾಲೆಯ ಟ್ಯಾಬಿನಲ್ಲಷ್ಟೇ. ಅದಕ್ಕೇ, ನಿಮ್ಮ ಕ್ಲಾಸ್ ಮಕ್ಕಳ ಫೋಟೋ ಕಳ್ಸೇ ಅಂತ ಕೇಳುವ ಅತ್ತಿಗೆಯಂದಿರೇ, ಕಳಿಸಲಾರೆ.

ಊಟಕ್ಕೆ ಏನು ಮಾಡ್ತಾವೆ? ಕೈಯಲ್ಲಿ ತಿನ್ನೋ ಹಾಗಿಲ್ವಾ?

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್, ಒಂದು, ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. 2014ರ ಸೆಪ್ಟೆಂಬರಿನಿಂದ ಹೀಗಿದೆ. ಅಕ್ಷರ ದಾಸೋಹ ಅದಕ್ಕಿಂತ ಹಳೆಯದು ಅಂತ ಹೇಳಿದರೆ ಅಲ್ಲಿನ ಟೀಚರುಗಳು ಹುಬ್ಬೇರಿಸುತ್ತಾರೆ. ನಾಲ್ಕರಿಂದ ಆರು ವರ್ಷದವರಿಗೆ ದಿನಾ ಒಂದು ಹಣ್ಣೋ ತರಕಾರಿಯೋ ಸರ್ಕಾರದ್ದೇ. ಸೇಬು, ಬಾಳೆಹಣ್ಣು, ಕ್ಯಾರೆಟ್, ಹೀಗೆ. ಐದು ತುಂಬುವವರೆಗೆ ಹಾಲೂ ಉಂಟು.

ಊಟ ಅಂದರೆ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ ಮತ್ತು ಬೀನ್ಸ್, ಪಾಸ್ತಾ, ಶುಕ್ರವಾರ ಮೀನು ಮತ್ತು ಚಿಪ್ಸ್. ಸಸ್ಯಾಹಾರಿಗಳಿಗೂ ಒಂದು ಬಗೆ ಇದ್ದೇ ಇರುತ್ತದೆ. ಚಾಕು, ಫೋರ್ಕ್ ಹಿಡಿಯುವುದನ್ನು ಹೇಳಿಕೊಡುತ್ತೇವೆ, ಆದರೆ ಕೈಯಲ್ಲಿ ತಿಂದರೆ ಬೈಯುವವರಿಲ್ಲ. ತುತ್ತು ಮಾಡಿ ತಿನ್ನಿಸುವ ಪದ್ಧತಿ ಇಲ್ಲವೇ ಇಲ್ಲ. ಏಷ್ಯಾದ ಕಡೆಯ ಎಷ್ಟೋ ಮಕ್ಕಳು ಮೊದಲ ವಾರ ತಟ್ಟೆ ಮುಂದೆ ಬಾಯಿ ತೆರೆದು ಕೂತಿರುತ್ತವೆ. ಅಡಿಗೆ ಹೆಂಗಸರು ಪಕ್ಕದಲ್ಲಿ ಕೂತು ಫೋರ್ಕ್ ಕೈಗೆ ಕೊಟ್ಟು ಕಾಯುತ್ತಾರೆ.

ಕಡಲೆಕಾಯಿ ಮಾತ್ರ ಶಾಲೆಯ ಗೇಟು ದಾಟುವ ಹಾಗಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಇದೇ ನಿಯಮ. ಅಲರ್ಜಿ ಇರುವ ಮಗುವಿಗೆ ಅದು ಪ್ರಾಣಕ್ಕೇ ಕುತ್ತು. ಹುಟ್ಟುಹಬ್ಬಕ್ಕೆ ಚಿಕ್ಕಿ ಹಂಚುವ ಆಸೆ ಇದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ.

ಮಳೆ ರಜೆ ಕೊಡ್ತಾರಾ?

ಇಲ್ಲ ಮಾರಾಯ್ತಿ! ಜುಲೈನಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಡಿ.ಸಿ. ಆದೇಶಕ್ಕೆ ಕಾಯುತ್ತಾ ಕೂರುವ ಸುಖ ಅಲ್ಲಿಲ್ಲ. ಅಲ್ಲಿಯ ಮಳೆ ನಮ್ಮ ಆಷಾಢದ ಮಳೆಯ ಮುಂದೆ ಬರೀ ಜಿಟಿಜಿಟಿ. ಮಕ್ಕಳಿಗೆ ಮೈತುಂಬಾ ರೇನ್‌ಕೋಟು, ಮೊಣಕಾಲವರೆಗೆ ಗಮ್‌ಬೂಟು ಹಾಕಿಸಿ ಹೊರಗೇ ಬಿಡುತ್ತೇವೆ. ಕೆಸರಿನಲ್ಲಿ ಜಿಗಿಯುವುದು ವೇಳಾಪಟ್ಟಿಯಲ್ಲೇ ಇರುತ್ತದೆ. ನೆಂದರೆ ಶೀತ ಆಗುತ್ತೆ ಅಂತ ಹೇಳುವ ಅಜ್ಜಿಯೂ ಗೇಟಿನ ಹತ್ತಿರ ಒಬ್ಬರಾದರೂ ಇದ್ದೇ ಇರುತ್ತಾರೆ, ಯಾವ ದೇಶದವರಾದರೂ ಸರಿ. ಹಿಮ ಜೋರಾಗಿ ಬಿದ್ದು ದಾರಿ ಕಟ್ಟಿದರೆ ಒಂದೆರಡು ದಿನ ಶಾಲೆ ಮುಚ್ಚುವುದುಂಟು.

ಕಷ್ಟ ಆಗುವುದು ಮಳೆಯಿಂದಲ್ಲ, ಕತ್ತಲೆಯಿಂದ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ನಾಲ್ಕು ಗಂಟೆಯೊಳಗೆ ಮುಳುಗುತ್ತಾನೆ. ಮಕ್ಕಳನ್ನು ಮನೆಗೆ ಕಳಿಸುವಾಗಲೇ ಮಬ್ಬು. ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳಿ ಅಂತ ಡಾಕ್ಟರೇ ಹೇಳುತ್ತಾರೆ.

ಇಂಗ್ಲಿಷೇ ಬಾರದ ಮಕ್ಕಳು ಬಂದ್ರೆ?

ಬರುತ್ತಾರೆ, ಬೇಕಾದಷ್ಟು. ಪಂಜಾಬಿ, ಉರ್ದು, ಪೋಲಿಷ್, ಅರಬ್ಬಿ, ರೊಮೇನಿಯನ್. ನನಗೆ ಇದು ಅಂಥ ಹೊಸದು ಅನ್ನಿಸಲಿಲ್ಲ. ಕಾಫಿ ಎಸ್ಟೇಟ್ ಲೈನಿನ ಪಕ್ಕದ ಅಂಗನವಾಡಿ ನೋಡಿದ್ದೀರಾ? ತುಳು, ತಮಿಳು, ಮಲಯಾಳಂ, ಕೊಂಕಣಿ, ಬ್ಯಾರಿ, ಈಗ ಅಸ್ಸಾಮಿನಿಂದ ಬಂದವರ ಮಕ್ಕಳೂ. ಕಾರ್ಯಕರ್ತೆಯರು ಎಲ್ಲರನ್ನೂ ಸಂಭಾಳಿಸುತ್ತಾರೆ. ಅವರು ಮಾಡುವುದನ್ನೇ ಅಲ್ಲಿ ಚಿತ್ರದ ಕಾರ್ಡು ಹಿಡಿದು ಮಾಡುತ್ತೇವೆ. ನೀರು, ಶೌಚಾಲಯ, ಊಟ, ಅಮ್ಮ, ಇಷ್ಟಕ್ಕೆ ಚಿತ್ರ ಇದ್ದರೆ ಮೊದಲ ವಾರ ಸಾಗುತ್ತದೆ.

ಹೊಸ ಭಾಷೆಯೊಳಗೆ ಬಿದ್ದ ಮಗು ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿಯೇ ಬಿಡುವುದಿಲ್ಲ. ಅದು ಸಹಜ. ಆ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ‘ಹೇಳು, ಹೇಳು’ ಅಂತ ಪೀಡಿಸಬಾರದು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಕ್ರಿಸ್‌ಮಸ್‌ವರೆಗೆ ತಲೆ ಆಡಿಸುವುದರಲ್ಲೇ ಕಾಲ ಹಾಕಿದ. ಜನವರಿಯಲ್ಲಿ ಒಂದು ದಿನ ನೀರಿನ ತೊಟ್ಟಿ ಹತ್ತಿರ ಪಕ್ಕದವಳಿಗೆ, ‘ನನ್ನ ಸರದಿ, ನೀನು ಆಗಲೇ ಆಡಿದೆ’ ಅಂತ ಪೂರ್ತಿ ವಾಕ್ಯದಲ್ಲಿ ಜಗಳ ತೆಗೆದ. ನಾನೂ ಸಹಾಯಕಿಯೂ ಮುಖ ಮುಖ ನೋಡಿಕೊಂಡೆವು. ಜಗಳ ಬಿಡಿಸುವ ಮನಸ್ಸೇ ಬರಲಿಲ್ಲ.

ಮನೆಯಲ್ಲಿ ಮನೆ ಮಾತನ್ನೇ ಆಡಿ ಅಂತ ಶಾಲೆಯೇ ಅಪ್ಪ ಅಮ್ಮಂದಿರಿಗೆ ಹೇಳುತ್ತದೆ. ಇದನ್ನು ನಮ್ಮ ಊರಿನ ಕೆಲವು ಶಾಲೆಗಳವರು ಕೇಳಿಸಿಕೊಂಡರೆ ಒಳ್ಳೆಯದು.

ನಿಮ್ಮ ಇಂಗ್ಲಿಷ್ ಆ ಮಕ್ಕಳಿಗೆ ಅರ್ಥ ಆಗುತ್ತಾ?

ಆಗುತ್ತದೆ. ಲೀಡ್ಸ್ ಇರುವ ಯಾರ್ಕ್‌ಷೈರ್ ಕಡೆಯವರ ಇಂಗ್ಲಿಷ್ ನನಗೆ ಅರ್ಥ ಆಗುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ರ‍್ಯಾಂಕು, ಮಾರ್ಕ್ಸು, ಹೋಂವರ್ಕು?

ರ‍್ಯಾಂಕು ಇಲ್ಲ. ಸೇರಿದ ಮೊದಲ ಆರು ವಾರದೊಳಗೆ ಪ್ರತಿ ಮಗುವಿನ ಜೊತೆ ಒಬ್ಬೊಬ್ಬರಾಗಿ ಕೂತು ಒಂದು ಸಣ್ಣ ಪರೀಕ್ಷೆ ಮಾಡಬೇಕು. 2021ರಿಂದ ಕಡ್ಡಾಯ. ಸುಮಾರು ಇಪ್ಪತ್ತು ನಿಮಿಷ. ಮಗುವಿಗೆ ಅದು ಪರೀಕ್ಷೆ ಅಂತಲೇ ಗೊತ್ತಾಗುವುದಿಲ್ಲ, ಅಂಕ ಮನೆಯವರಿಗೂ ಹೇಳುವುದಿಲ್ಲ. ವರ್ಷದ ಕೊನೆಗೆ 17 ಗುರಿಗಳ ಮೇಲೆ ಟೀಚರು ವರದಿ ಕೊಡುತ್ತಾರೆ. ಪ್ರತಿಯೊಂದಕ್ಕೂ ಎರಡೇ ಉತ್ತರ: ತಲುಪಿದೆ ಅಥವಾ ಇನ್ನೂ ತಲುಪುತ್ತಿದೆ. ಹೋಂವರ್ಕು ಅಂದರೆ ಒಂದು ತೆಳು ಪುಸ್ತಕ, ಮನೆಯಲ್ಲಿ ಯಾರಾದರೂ ಜೊತೆಗೆ ಕೂತು ಓದಿಸಬೇಕು. ಅಷ್ಟೂ ಮಾಡದ ಮನೆಗಳು ಅಲ್ಲೂ ಇವೆ.

ಅಪ್ಪ ಅಮ್ಮಂದಿರು ಜಗಳ ಮಾಡ್ತಾರಾ?

ಮಾಡುತ್ತಾರೆ. ಸ್ವೆಟರ್ ಕಳೆದುಹೋಗಿದ್ದಕ್ಕೆ, ಮಗುವಿನ ಗೆಳೆಯ ಬೇರೆಯವನ ಜೊತೆ ಆಡಿದ್ದಕ್ಕೆ. ನಮ್ಮ ಕಡೆಯವರದು ಒಂದೇ ಪ್ರಶ್ನೆ: ‘ಮಿಸ್, ಇವನು ಓದೋದ್ರಲ್ಲಿ ಫಸ್ಟಾ?’ ಇನ್ನೊಂದು ತಕರಾರು ರಜೆಯದು. ಟಿಕೆಟ್ ಅಗ್ಗ ಅಂತ ಶಾಲೆ ನಡೆಯುವಾಗಲೇ ಇಂಡಿಯಾಕ್ಕೆ ಹೊರಡುವವರು ಇರುತ್ತಾರೆ. ಐದು ತುಂಬಿ ಶಾಲೆ ಕಡ್ಡಾಯವಾದ ಮಗು ಅನುಮತಿ ಇಲ್ಲದೆ ಐದು ದಿನ ತಪ್ಪಿಸಿದರೆ ದಂಡ ಬೀಳಬಹುದು. 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಅದೂ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ.

ನಮ್ಮ ಊರಿನದು ಏನಾದ್ರೂ ತೋರಿಸ್ತೀರಾ ಆ ಮಕ್ಕಳಿಗೆ?

ದೀಪಾವಳಿ ಹೊತ್ತಿಗೆ ಉಪ್ಪು ಬೆರೆಸಿ ನಾದಿದ ಹಿಟ್ಟಿನಲ್ಲಿ ಹಣತೆ ಮಾಡಿಸುವುದು ಎಷ್ಟೋ ಶಾಲೆಗಳಲ್ಲಿ ಉಂಟು. ಅಂಗಳದಲ್ಲಿ ಬಣ್ಣದ ಸೀಮೆಸುಣ್ಣದಿಂದ ಚುಕ್ಕಿ ರಂಗೋಲಿ ಹಾಕಿದರೆ ಗಣಿತವೂ ಆಯಿತು.

ಅವರಿಗೆ ಬಹಳ ಹಿಡಿಸುವುದು ಬಾಬಾ ಬುಡನ್ ಕಥೆ. ಯೆಮನ್ ದೇಶದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ ಹೇಳಿಕೊಂಡು ಬಂದಿದ್ದಾರಲ್ಲ, ಅದನ್ನೇ ಏಳು ಹುರಿದ ಬೀಜ ಕೈಯಲ್ಲಿಟ್ಟುಕೊಂಡು ಹೇಳುತ್ತೇನೆ. ಮಕ್ಕಳು ಒಬ್ಬೊಬ್ಬರಾಗಿ ಮೂಸಿ ನೋಡುತ್ತವೆ. ‘ನಮ್ಮ ಡ್ಯಾಡಿ ವಾಸನೆ’ ಅಂತ ಒಬ್ಬಳು. ‘ಬಚ್ಚಿಟ್ಟುಕೊಂಡು ತಂದಿದ್ದು ಅವರಮ್ಮನಿಗೆ ಗೊತ್ತಿತ್ತಾ?’ ಅಂತ ಇನ್ನೊಬ್ಬ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಮುಳ್ಳಯ್ಯನಗಿರಿಯ ಫೋಟೋ ಗೋಡೆ ಮೇಲೆ ಇದೆ. ಅದು 1,930 ಮೀಟರ್. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ 978 ಮೀಟರ್. ಇದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ಜೋರಾಗುತ್ತದೆ, ಆಗಲಿ ಬಿಡಿ.

ರಜೆ ಜಾಸ್ತಿ ಅಲ್ವಾ ಟೀಚರಿಗೆ?

ಮಕ್ಕಳಿಗೆ ವರ್ಷಕ್ಕೆ 190 ದಿನ ಶಾಲೆ, ಟೀಚರಿಗೆ 195. ಬೇಸಿಗೆ ರಜೆ ಜುಲೈ ಕೊನೆಯಿಂದ ಆರು ವಾರ. ಅಂದರೆ ನಾನು ಊರಿಗೆ ಬರುವುದು ಸರಿಯಾಗಿ ಬಟ್ಟೆ ಒಣಗದ ಕಾಲಕ್ಕೆ. ಕಾಫಿ ಹೂ ಬಿಡುವುದನ್ನು ನೋಡಬೇಕಾದರೆ ಈಸ್ಟರ್ ರಜೆಗೂ ಹೂಮಳೆಗೂ ತಾಳೆಯಾಗಬೇಕು. ಕೊಯ್ಲು ನೋಡಬೇಕಾದರೆ ಕ್ರಿಸ್‌ಮಸ್ ರಜೆಗೇ ಬರಬೇಕು. ಟೀಚರು ತಮಗೆ ಬೇಕಾದಾಗ ರಜೆ ಹಾಕುವ ಹಾಗಿಲ್ಲ. ಹಾಸನಾಂಬೆ ಬಾಗಿಲು ತೆಗೆದಾಗ ಬಾರೇ ಅಂತ ನಮ್ಮತ್ತೆ ಪ್ರತಿ ವರ್ಷ ಕರೆಯುತ್ತಾರೆ. ಅಕ್ಟೋಬರ್ ಕೊನೆಯ ಒಂದು ವಾರದ ರಜೆಗೆ ದೀಪಾವಳಿ ಬಂದು ಸೇರಿದರೆ ನೋಡೋಣ.

ಸಂಬಳ ಎಷ್ಟು ಬರುತ್ತೆ?

ಕೇಳದವರಿಲ್ಲ, ಅದಕ್ಕೇ ಬರೆದುಬಿಡುತ್ತೇನೆ. 2025ರ ಸೆಪ್ಟೆಂಬರಿನಿಂದ ಲಂಡನ್ ಹೊರಗಿನ ಸರ್ಕಾರಿ ಶಾಲೆಗಳಲ್ಲಿ ಅರ್ಹತೆ ಪಡೆದ ಹೊಸ ಟೀಚರಿಗೆ ವರ್ಷಕ್ಕೆ 32,916 ಪೌಂಡ್. ತೆರಿಗೆ, ವಿಮೆ, ಪಿಂಚಣಿ ಕಳೆದು ಕೈಗೆ ಬರುತ್ತದೆ. ಸಹಾಯಕಿಯರಿಗೆ ಇದಕ್ಕಿಂತ ತುಂಬಾ ಕಮ್ಮಿ. ಪೌಂಡನ್ನು ರೂಪಾಯಿಗೆ ಗುಣಿಸಿ ಕಣ್ಣರಳಿಸಬೇಡಿ. ಬಾಡಿಗೆ, ಕರೆಂಟು, ಹೀಟರಿನ ಗ್ಯಾಸು, ಇದನ್ನೂ ಪೌಂಡಿನಲ್ಲೇ ಕಟ್ಟಬೇಕು.

ಚಿಕ್ಕಮಕ್ಕಳು ಅಂದ್ರೆ ಸುಲಭದ ಕೆಲಸ ಇರಬೇಕು.

ಇದು ಪ್ರಶ್ನೆಯಲ್ಲ, ಆದರೂ ಎಲ್ಲರೂ ಹೇಳುತ್ತಾರೆ. ದಿನವಿಡೀ ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಕುರ್ಚಿಗಳೆಲ್ಲ ಮಂಡಿ ಎತ್ತರದವು. ಮೊದಲ ಚಳಿಗಾಲ ಮಕ್ಕಳ ನೆಗಡಿ, ಕೆಮ್ಮು ಒಂದೂ ಬಿಡದೆ ನಮಗೂ ಬರುತ್ತದೆ. ಹೇನು ಬಂದಿದೆ ಅಂತ ಮನೆಗಳಿಗೆ ಚೀಟಿ ಕಳಿಸಿದ ದಿನ ಇಡೀ ಸ್ಟಾಫ್ ರೂಮು ತಲೆ ಕೆರೆದುಕೊಳ್ಳುತ್ತದೆ. ವಾಂತಿ ಭೇದಿ ಆದ ಮಗು, ನಿಂತ ಮೇಲೂ 48 ಗಂಟೆ ಬರುವ ಹಾಗಿಲ್ಲ. ಆ ನಿಯಮ ನಮ್ಮಲ್ಲೂ ಇದ್ದಿದ್ದರೆ ಅನ್ನಿಸುತ್ತದೆ.

ಇನ್ನು ಕಾಗದಪತ್ರ. ಮಗು ಬಿದ್ದು ಮಂಡಿ ತರಚಿದರೂ ಚೀಟಿ. ಮೈಮೇಲೆ ಗಾಯದ ಗುರುತು ಕಂಡರೆ, ಮಗು ಏನಾದರೂ ವಿಚಿತ್ರ ಹೇಳಿದರೆ ಅದೇ ದಿನ, ಮಗು ಹೇಳಿದ ಮಾತಿನಲ್ಲೇ ಬರೆದು ಶಾಲೆಯ ಮಕ್ಕಳ ಸುರಕ್ಷತೆಯ ಜವಾಬ್ದಾರಿ ಇರುವವರಿಗೆ ಮುಟ್ಟಿಸಬೇಕು. ‘ಅವರ ಮನೆ ವಿಷಯ, ನಮಗ್ಯಾಕೆ’ ಅನ್ನುವ ಹಾಗಿಲ್ಲ. ಕೆಲಸದಲ್ಲಿ ತೂಕದ ಭಾಗ ಅಂದರೆ ಇದೇ. ಇಂಥ ಒಂದು ಚೀಟಿ ಬರೆದ ರಾತ್ರಿ ನಿದ್ದೆ ಬರುವುದಿಲ್ಲ.

ಹಾಸನದಲ್ಲಿ ಡಿ.ಎಡ್., ಬಿ.ಎಡ್. ಮಾಡಿದ್ದೇನೆ. ನೇರ ಬರಬಹುದಾ?

ಸರ್ಕಾರಿ ಶಾಲೆಯ ಟೀಚರ್ ಆಗಲು ಕ್ಯೂಟಿಎಸ್ ಅನ್ನುವ ಅರ್ಹತೆ ಬೇಕು. 2023ರಿಂದ ಇಂಡಿಯಾದಲ್ಲಿ ಅರ್ಹತೆ ಪಡೆದವರೂ ನೇರವಾಗಿ ಅರ್ಜಿ ಹಾಕಬಹುದು. ಆದರೆ ಅದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವವರಿಗೆ ಇರುವ ದಾರಿ. ಚಿಕ್ಕಮಕ್ಕಳ ಟೀಚರಿಗೆ ಅದು ತೆರೆದಿಲ್ಲ. ಅವರು ಸಾಮಾನ್ಯವಾಗಿ ಅಲ್ಲೇ ಹೋಗಿ ಒಂದು ವರ್ಷದ ತರಬೇತಿ ಮಾಡಬೇಕು. ಅದಕ್ಕೆ ಡಿಗ್ರಿ ಬೇಕು. ಜೊತೆಗೆ ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ ಅವರ ಜಿಸಿಎಸ್‌ಇಗೆ (ಹೆಚ್ಚುಕಮ್ಮಿ ನಮ್ಮ ಎಸ್ಸೆಸ್ಸೆಲ್ಸಿ ತರದ ಪರೀಕ್ಷೆ) ಸಮನಾದ ಪಾಸು. ಹೊರದೇಶದವರಿಗೆ ಫೀಸು ದುಬಾರಿ.

ಗಂಡನೋ ಹೆಂಡತಿಯೋ ಅಲ್ಲಿ ಕೆಲಸದಲ್ಲಿದ್ದು, ಅವಲಂಬಿತರ ವೀಸಾದಲ್ಲಿ ಹೋಗಿದ್ದರೆ ದಾರಿ ಸ್ವಲ್ಪ ಸುಲಭ. ನಾನು ಹೋಗಿದ್ದು ಹಾಗೇ. ಮೊದಲು ಹತ್ತಿರದ ಶಾಲೆಯಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಓದಿಸುವುದು, ಆಮೇಲೆ ಸಹಾಯಕಿ, ಆಮೇಲೆ ತರಬೇತಿ. ಶಾಲೆಯೊಳಗೆ ಕಾಲಿಡುವ ಮೊದಲು ಪೊಲೀಸ್ ದಾಖಲೆ ತಪಾಸಣೆ ಇರುತ್ತದೆ. ಇಂಡಿಯಾದ ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ, ಪಾಸ್‌ಪೋರ್ಟ್ ಆಫೀಸಿನ ಮೂಲಕ ಹೊರಡುವ ಮೊದಲೇ ಮಾಡಿಸಿಕೊಂಡರೆ ಓಡಾಟ ತಪ್ಪುತ್ತದೆ. ಡಿಗ್ರಿ ಅಂಕಪಟ್ಟಿಯ ಮೂಲಪ್ರತಿಯನ್ನೂ ಜೊತೆಗೇ ಒಯ್ಯಿರಿ.

ಇಲ್ಲಿನ ಅನುಭವ ವ್ಯರ್ಥ ಅಂದುಕೊಳ್ಳಬೇಡಿ. ಸಂದರ್ಶನದಲ್ಲಿ ಕ್ಲಾಸಿನ ಮುಂದೆ ನಿಲ್ಲಿಸಿ ಹದಿನೈದಿಪ್ಪತ್ತು ನಿಮಿಷ ಪಾಠ ಮಾಡಿಸುತ್ತಾರೆ. ಗುರುತಿಲ್ಲದ ಮಕ್ಕಳನ್ನು ಐದು ನಿಮಿಷದಲ್ಲಿ ಹತ್ತಿರ ಮಾಡಿಕೊಳ್ಳುವ ಕಲೆ ನಮ್ಮವರಿಗೆ ಚೆನ್ನಾಗಿ ಬರುತ್ತದೆ.

ಒಬ್ಬ ಏಜೆಂಟ್ ನರ್ಸರಿ ಕೆಲಸಕ್ಕೆ ವೀಸಾ ಕೊಡಿಸ್ತೀನಿ ಅಂತಿದ್ದಾನೆ. ದುಡ್ಡು ಕೊಡಲಾ?

ಬೇಡ. ಕೆಲಸ ಕೊಡುವ ಸಂಸ್ಥೆಗೆ ಹೊರದೇಶದವರನ್ನು ಕರೆಸಿಕೊಳ್ಳುವ ಲೈಸೆನ್ಸ್ ಇರಬೇಕು. ಅಂಥ ಸಂಸ್ಥೆಗಳ ಪಟ್ಟಿ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಹೆಸರಿದ್ದರೂ ಸಾಲದು, ಕೊಡುವ ಕೆಲಸವೂ ವೀಸಾಕ್ಕೆ ಅರ್ಹವಾದ ಕೆಲಸಗಳಲ್ಲಿ ಇದೆಯಾ, ಸಂಬಳ ಸರ್ಕಾರ ಹೇಳಿದ ಮಟ್ಟಕ್ಕೆ ಮುಟ್ಟುತ್ತದಾ ಅಂತ ಅದೇ ವೆಬ್‌ಸೈಟಿನಲ್ಲಿ ನೋಡಿ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹೋದ ವರ್ಷ ಹೋದವರ ಮಾತನ್ನೂ ನಂಬಬೇಡಿ. ಆ ಲೈಸೆನ್ಸಿನ ಖರ್ಚು, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ (ವೀಸಾಕ್ಕೆ ಅಂತ ಸಂಸ್ಥೆ ನಿಮ್ಮ ಹೆಸರಿಗೆ ಕೊಡುವ ದಾಖಲೆ) ಖರ್ಚು ಎರಡನ್ನೂ ಸಂಸ್ಥೆಯೇ ಹೊರಬೇಕು, ಕೆಲಸಗಾರರಿಂದ ವಸೂಲಿ ಮಾಡುವ ಹಾಗಿಲ್ಲ. ನೀವು ಕಟ್ಟಬೇಕಾಗುವುದು ವೀಸಾ ಫೀಸು ಮತ್ತು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಶುಲ್ಕ. ಅದನ್ನೂ ನಿಮ್ಮ ಕಾರ್ಡಿನಿಂದ ಸರ್ಕಾರದ ವೆಬ್‌ಸೈಟಿಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ‘ಸರ್ಟಿಫಿಕೇಟಿಗೆ ಇಷ್ಟು ಲಕ್ಷ’ ಅನ್ನುವ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಿ.